ತಾನಾಗಿ ಸರಿಹೋದ ತೊದಲು

ಕೈ ಸೋತು, ಮಾತು ತೊದಲಿ, ಅರೆಗಳಿಗೆಯಲ್ಲಿ ಸರಿಹೋದರೆ ದೇವರು ಕಾಪಾಡಿದನೆಂದು ನಾವು ಸುಮ್ಮನಾಗುತ್ತೇವೆ. ಇದು ವಿವೇಕವಲ್ಲ. ಮಿದುಳಿಗೆ ರಕ್ತವೊಯ್ಯುವ ಕುತ್ತಿಗೆಯ ಕೆರೋಟಿಡ್ ಅಪಧಮನಿಯಲ್ಲಿ ಕೊಬ್ಬು ಕಟ್ಟಿರುವುದರ ಮುನ್ಸೂಚನೆ ಅದಾಗಿರಬಹುದು. ಇಂಥವರಲ್ಲಿ ಆ ನಾಳವು ಶೇಕಡಾ 70ಕ್ಕೂ ಹೆಚ್ಚು ಕಿರಿದಾಗಿದ್ದಾಗ, ಔಷಧವನ್ನಷ್ಟೇ ನಂಬಿದವರಲ್ಲಿ 2 ವರ್ಷಗಳೊಳಗೆ ಶೇಕಡಾ 26 ಮಂದಿಗೆ ಆ ಬದಿಯ ಮಿದುಳಿಗೆ ಆಘಾತವಾಯಿತೆಂದೂ, ಶಸ್ತ್ರಚಿಕಿತ್ಸೆಯಿಂದ ಕೊಬ್ಬನ್ನು ತೆಗೆಸಿಕೊಂಡವರಲ್ಲಿ ಶೇಕಡಾ 9 ಮಂದಿಗೆ ಮಾತ್ರವೆಂದೂ 1991ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನ ತಿಳಿಸಿತು. 2 ವಾರಗಳೊಳಗೆ ಮಾಡಿಸಿದರೆ ಪ್ರಯೋಜನ ಅಧಿಕ. ಗಲ್ಫಿನಿಂದ ಮಗ ಬರಲೆಂದು ಕಾಯುವಂತಿಲ್ಲ. 70 ವಯಸ್ಸು ದಾಟಿದವರಿಗೆ ಸ್ಟೆಂಟ್ ಇರಿಸುವುದಕ್ಕಿಂತ ಸಾಮಾನ್ಯವಾಗಿ ಇದೇ ಕ್ಷೇಮಕರ. ಲಕ್ಷಣಗಳೇ ಇಲ್ಲದವರ ಮಾತು ಬೇರೆ. ಶಸ್ತ್ರಚಿಕಿತ್ಸೆಯೇ ಆಘಾತವನ್ನು ತರಬಹುದಾದ್ದರಿಂದ, ಅವರಲ್ಲಿ ಅನೇಕರಿಗೆ ಸ್ಟ್ಯಾಟಿನ್ ಮಾತ್ರೆ, ರಕ್ತದೊತ್ತಡದ ಹತೋಟಿ, ಬೀಡಿ-ಸಿಗರೇಟಿನ ತ್ಯಾಗ ಇವೇ ಸಾಕಾಗಬಹುದು. ಅಲ್ಲಿ ಅವಸರ ಬೇಡ.