ಸ್ವಂತ ಕಂಬದ ನೆರಳು

ಜಗಲಿಯೆಂದರೆ ನಮಗೆ ಸಂಜೆಯ ಮಾತುಕತೆ ನೆನಪಾಗುತ್ತದೆ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಸುತ್ತಿನಲ್ಲಿ ಅದು ಜೀವದ ಪ್ರಶ್ನೆ. ಕಾರ್ಖಾನೆಯಲ್ಲಿ ಕಟ್ಟಿ, ಉಕ್ಕಿನ ಚೌಕಟ್ಟಿನ ಮೇಲೆ ಸಾಗಿಸಿ ತಂದು ನಿಲ್ಲಿಸುವ ಮನೆಗಳು ಅಲ್ಲಿ ಬಹಳ. ಹಳೆಯವುಗಳ ಗೋಡೆಯಂತೂ ತೀರಾ ತೆಳು. 2023ರಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ಸೆಲ್ಸಿಯಸ್ ದಾಟಿತು. ಆ ವರ್ಷ ಮಾರಿಕೋಪಾ ಕೌಂಟಿಯೊಂದರಲ್ಲಿಯೇ ತಾಪದ ಕಾರಣದಿಂದ 645 ಮಂದಿ ತೀರಿಕೊಂಡರು.

ಹಾಗೆಂದು ಅವಸರದಿಂದ ಚಪ್ಪರವನ್ನು ಮನೆಯ ಗೋಡೆಗೆ ಜೋಡಿಸಬಾರದು. ಆ ಗೋಡೆಗಳನ್ನು ಸಾಮಾನ್ಯವಾಗಿ ತಮ್ಮ ಚಾವಣಿಯ ಭಾರಕ್ಕಷ್ಟೇ ಲೆಕ್ಕಹಾಕಿ ಕಟ್ಟಿರುತ್ತಾರೆ. ಮಳೆಗಾಲದ ಬಿರುಗಾಳಿ ಚಪ್ಪರವನ್ನು ಮೇಲೆತ್ತಿದರೆ ಗೋಡೆಗೂ ಅಪಾಯ. ಚಪ್ಪರಕ್ಕೂ ಜಗಲಿಗೂ ತಮ್ಮದೇ ಕಂಬ, ತಮ್ಮದೇ ಅಡಿಪಾಯ ಇರಬೇಕು. ಮನೆಯಡಿಯ ಗಾಳಿಕಿಂಡಿಗಳನ್ನು ಜಗಲಿ ಮುಚ್ಚಕೂಡದು.

ಹಣ ಕಡಿಮೆಯಿದ್ದರೆ ಪಶ್ಚಿಮದ ಗೋಡೆಯನ್ನೇ ಮೊದಲು ನೋಡಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಇಳಿಹೊತ್ತಿನ ಓರೆ ಬಿಸಿಲು ಚಪ್ಪರದ ಕೆಳಗಿನಿಂದಲೇ ನುಸುಳುತ್ತದೆ. ಅಲ್ಲಿ ಇಳಿಬಿಟ್ಟ ಪರದೆಯೂ ಅವಶ್ಯ. ನಮ್ಮ ಹಿರಿಯರು ಪಡಸಾಲೆಗೆ ತಟ್ಟಿ ಕಟ್ಟುತ್ತಿದ್ದುದು ಇದಕ್ಕಾಗಿಯೇ ಅಲ್ಲವೇ? ಜಗಲಿಯ ಹಲಗೆಗೆ ತಿಳಿಬಣ್ಣವೇ ಲೇಸು. ಕಡುಬಣ್ಣದ ಪ್ಲಾಸ್ಟಿಕ್ ಮಿಶ್ರಿತ ಹಲಗೆಯ ಮೇಲೆ ಮಧ್ಯಾಹ್ನ ಬರಿಗಾಲು ಇಡಲಾಗದು.

ಇನ್ನೊಂದು ತೊಡಕುಂಟು. ಮನೆ ಸ್ವಂತದ್ದಾದರೂ ಅನೇಕರಿಗೆ ನೆಲ ಬಾಡಿಗೆಯದು. ಅಗತ್ಯವಾದ ತಂಪಿನ ಸಾಧನಗಳನ್ನು ನೆಲದೊಡೆಯರು ನಿಷೇಧಿಸಬಾರದೆಂದು ಅರಿಜೋನಾ 2024ರಲ್ಲಿ ಕಾಯಿದೆ ಮಾಡಿತು. ಆದರೂ ಕಂಬ ನೆಡುವ ಮುನ್ನ ಒಡೆಯರ ಒಪ್ಪಿಗೆಯನ್ನೂ ಸ್ಥಳೀಯ ಕಛೇರಿಯ ಪರವಾನಗಿಯನ್ನೂ ವಿಚಾರಿಸಿ, ಬರಹದಲ್ಲಿಯೇ ಪಡೆದಿಟ್ಟುಕೊಳ್ಳುವುದು ಕ್ಷೇಮ.