ಇವತ್ತು ಯಾರು ಬಂದಿಲ್ಲ?

ಲೀಡರ್‌ಶಿಪ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗೋದು ಮೈಕು. ಯಾರು ಚೆನ್ನಾಗಿ ಮಾತಾಡ್ತಾರೋ ಅವರೇ ಲೀಡರ್. ಶಾಲೆಯಲ್ಲಿ ಕ್ಲಾಸ್ ಮಾನಿಟರ್ ಆಯ್ಕೆಯಾಗೋದು ಹೀಗೇ, ಆಫೀಸಲ್ಲಿ ಟೀಮ್ ಲೀಡ್ ಆಯ್ಕೆಯಾಗೋದೂ ಹೆಚ್ಚುಕಮ್ಮಿ ಹೀಗೇ.

ರಾಯಚೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ದೇವದುರ್ಗ, ಮಾನ್ವಿ ಕಡೆಯ ಹೈಸ್ಕೂಲ್ ಮಕ್ಕಳ ಜೊತೆ ಎರಡು ವರ್ಷದ ಶನಿವಾರಗಳನ್ನು ಕಳೆದೆ. ಆ ಮಕ್ಕಳಿಂದ ನನಗೆ ಸಿಕ್ಕ ಅರ್ಥ ಬೇರೆ. ಕ್ಲಾಸಿಗೆ ಬಂದ ಕೂಡಲೇ "ಇವತ್ತು ಯಾರು ಬಂದಿಲ್ಲ?" ಅಂತ ಸುತ್ತ ನೋಡುವವರು ಲೀಡರ್.

ನಾವು ಹೋಗ್ತಿದ್ದದ್ದು ಎನ್‌ಎಸ್‌ಎಸ್ ಮೂಲಕ. 1969ರಲ್ಲಿ, ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷ ಶುರುವಾದ ಯೋಜನೆ ಅದು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಹಳ್ಳಿ ಶಿಬಿರ. ಎಷ್ಟೋ ಕಡೆ ಆ ಗಂಟೆಗಳು ಗಿಡ ನೆಟ್ಟು, ಕಸ ಗುಡಿಸಿ, ಗ್ರೂಪ್ ಫೋಟೊ ತೆಗೆಸಿಕೊಳ್ಳೋದರಲ್ಲಿ ಮುಗಿಯುತ್ತವೆ. ನಮ್ಮ ಬ್ಯಾಚಿನ ಆರೇಳು ಜನ ಶಿಬಿರ ಮುಗಿದ ಮೇಲೂ ಹೋಗ್ತಾ ಇರೋಣ ಅಂದುಕೊಂಡ್ವಿ. ಹೆಡ್‌ಮಾಸ್ಟರ್ ಶನಿವಾರ ಒಂದು ತಾಸು ಕೊಟ್ಟರು. ವಿಷಯ: ನಾಯಕತ್ವ ಮತ್ತು ವೈವಿಧ್ಯ.

ವೈವಿಧ್ಯದ ಬಗ್ಗೆ ಆ ಮಕ್ಕಳಿಗೆ ಪಾಠ ಮಾಡೋದು ಅಂದರೆ ಕೃಷ್ಣಾ ತೀರದವರಿಗೆ ನೀರು ತೋರಿಸಿದ ಹಾಗೆ. ಒಂದೇ ಕ್ಲಾಸಲ್ಲಿ ಮನೆಯಲ್ಲಿ ಕನ್ನಡ ಆಡೋರು, ದಖ್ಖನಿ ಉರ್ದು ಆಡೋರು, ತಾಂಡಾದಿಂದ ಬರುವ ಲಂಬಾಣಿ ಮಾತಿನವರು ಇರ್ತಾರೆ. ಮಾನ್ವಿ ಕಡೆ ಹೋದರೆ ತೆಲುಗೂ ಸೇರುತ್ತೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಊರುಗಳಿಗೆ ಇವತ್ತಿಗೂ 'ಕ್ಯಾಂಪ್' ಅಂತಲೇ ಹೆಸರು. ಮೊಹರಂ ಬಂದರೆ ಜಾತಿ ಧರ್ಮ ನೋಡದೆ ಊರ ಮಕ್ಕಳೆಲ್ಲ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕ್ತಾರೆ.

ಆದರೆ ಹಬ್ಬದಲ್ಲಿ ಒಟ್ಟಿಗೆ ಕುಣಿದ ಮಕ್ಕಳು ಕ್ಲಾಸಲ್ಲಿ ತಮ್ಮ ತಮ್ಮ ಓಣಿಯವರ ಜೊತೆಗೇ ಕೂರ್ತಿದ್ರು. ಏನು ಕೇಳಿದರೂ ಕೈ ಎತ್ತುತ್ತಿದ್ದದ್ದು ಅದೇ ಮೂರು ಹುಡುಗರು.

ಹಾಗಾಗಿ ಒಂದು ನಿಯಮ ಮಾಡಿಕೊಂಡ್ವಿ. ವಾರಕ್ಕೊಬ್ಬ ಲೀಡರ್, ಹಾಜರಿ ಪುಸ್ತಕದ ಕ್ರಮದಲ್ಲಿ. ಭಾಷಣ ಇಲ್ಲ, ಸ್ಪರ್ಧೆ ಇಲ್ಲ. ಲೀಡರ್‌ಗೆ ಇರೋದು ಒಂದೇ ಕೆಲಸ, ಗೈರುಹಾಜರಾದವರ ವಿಷಯ ತಿಳಿದುಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಬರೆಯೋದು. ಯಾರು ಬಂದಿಲ್ಲ, ಎಷ್ಟು ದಿನದಿಂದ, ಯಾಕೆ, ಹೋಗಿ ಕೇಳೋರು ಯಾರು. ನಾಲ್ಕೇ ಕಾಲಂ.

'ಯಾಕೆ' ಕಾಲಂ ಬೇಗ ತುಂಬಿತು. "ಹತ್ತಿ ಬಿಡಿಸಾಕ ಹೋಗ್ಯಾಳ್ರಿ." "ಮನಿ ಮಂದಿ ಎಲ್ಲಾ ಬೆಂಗಳೂರಿಗೆ ಗುಳೆ ಹೋಗ್ಯಾರ್ರಿ." "ಅಕ್ಕನ ಬಾಣಂತನ ಐತ್ರಿ." ನಮ್ಮನ್ನು ನಿಜವಾಗಿ ನಿಲ್ಲಿಸಿದ ಉತ್ತರ ಮಾತ್ರ ಬೇರೆ: "ಗೊತ್ತಿಲ್ರಿ."

ಎರಡು ತಿಂಗಳ ಪುಟಗಳನ್ನು ಜೋಡಿಸಿ ನೋಡಿದಾಗ ಒಂದು ಪ್ಯಾಟರ್ನ್ ಕಂಡಿತು. ತನ್ನ ಓಣಿಯವರು ಬರದಿದ್ದರೆ ಪ್ರತಿ ಮಗುವಿಗೂ ಕಾರಣ ಗೊತ್ತು. ಬೇರೆ ಓಣಿ, ಬೇರೆ ಜಾತಿ, ಬೇರೆ ಮಾತಿನವರು ಬರದಿದ್ದರೆ 'ಗೊತ್ತಿಲ್ಲ'. ಎಷ್ಟು 'ಗೊತ್ತಿಲ್ಲ' ಇದ್ದವೋ ಅಷ್ಟು ಗೋಡೆಗಳು. ಜಗಳ ಇರಲಿಲ್ಲ, ದ್ವೇಷವೂ ಇರಲಿಲ್ಲ. ಪಕ್ಕದ ಬೆಂಚಿನವಳು ಹದಿನೈದು ದಿನದಿಂದ ಇಲ್ಲ ಅನ್ನೋದು ಯಾರ ಗಮನಕ್ಕೂ ಬಂದಿರಲಿಲ್ಲ, ಅಷ್ಟೇ.

ಇದು ಸಣ್ಣ ವಿಷಯ ಅಲ್ಲ. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಮಹಿಳೆಯರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಸಾಕ್ಷರರು. ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸೋದು 6ರಿಂದ 14 ವರ್ಷದವರಿಗೆ, ಅಂದರೆ ಎಂಟನೇ ಕ್ಲಾಸಿನವರೆಗೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯಲ್ಲೂ 14ರಿಂದ 18ರವರಿಗೆ ನಿಷೇಧ ಇರೋದು ಗಣಿ, ಸ್ಫೋಟಕದಂಥ ಅಪಾಯಕಾರಿ ಕೆಲಸಗಳಲ್ಲಿ. ಹಾಗಾಗಿ ಒಂಬತ್ತನೇ ಕ್ಲಾಸಿನ ಹುಡುಗಿ ಶಾಲೆ ಬಿಟ್ಟು ಹೊಲಕ್ಕೆ ಹೋದರೆ ಅವಳನ್ನು ಹುಡುಕಿಕೊಂಡು ಬರಲೇಬೇಕಾದವರು ಬಹಳ ಕಡಿಮೆ. ಆ ವಯಸ್ಸಲ್ಲಿ ಮೊದಲು ಗಮನಿಸಬಲ್ಲವರು ಜೊತೆಗೆ ಕೂರೋ ಮಕ್ಕಳೇ.

ಒಂದು ವಾರ ಲೀಡರ್ ಸರದಿ ತಾಂಡಾದ ಒಬ್ಬ ಹುಡುಗಿಗೆ ಬಂತು. ಅಲ್ಲಿಯವರೆಗೆ ಅವಳ ದನಿಯನ್ನೇ ನಾವು ಸರಿಯಾಗಿ ಕೇಳಿರಲಿಲ್ಲ. ಬೇರೆ ಓಣಿಯ ಹುಡುಗಿಯೊಬ್ಬಳು ಬರ್ತಿಲ್ಲ ಅಂತ ಬರೆದು, 'ಹೋಗಿ ಕೇಳೋರು' ಕಾಲಮ್ಮಿನಲ್ಲಿ ತನ್ನ ಹೆಸರನ್ನೇ ಹಾಕಿದಳು. ಸೋಮವಾರ ನೀರು ತರೋ ದಾರಿಯಲ್ಲಿ ಮಾತಾಡಿಸಿ ಬಂದು ಟೀಚರ್‌ಗೆ ಹೇಳಿದ್ದು ಒಂದೇ ಸಾಲು: "ಆಕಿ ಲಗ್ನ ಮಾತಾಡಾಕತ್ಯಾರ್ರಿ."

ಮುಂದಿನದ್ದು ದೊಡ್ಡವರ ಕೆಲಸ. ಟೀಚರ್ ಮತ್ತು ಅಂಗನವಾಡಿ ಕಾರ್ಯಕರ್ತೆ ಆ ಮನೆಗೆ ನಾಲ್ಕು ಸಲ ಹೋದರು. ಹುಡುಗಿ ಶಾಲೆಗೆ ವಾಪಸ್ ಬಂದಳು, ಮುಂದೆ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೂ ಬರೆದಳು. ಎಲ್ಲ ಸಾಲುಗಳೂ ಹೀಗೆ ಮುಗಿಯಲಿಲ್ಲ. ಗುಳೆ ಹೋದ ಒಬ್ಬ ಹುಡುಗನ ಹೆಸರಿನ ಮುಂದೆ ವರ್ಷದ ಕೊನೆವರೆಗೂ 'ಬಂದಿಲ್ಲ' ಅಂತಲೇ ಇತ್ತು.

ಒಂದು ಎಚ್ಚರಿಕೆ ನಮಗೆ ಮೊದಲ ದಿನದಿಂದಲೂ ಇತ್ತು. ಮಕ್ಕಳನ್ನು ಪೊಲೀಸ್ ಮಾಡಬಾರದು. ಗಮನಿಸೋದು, ಟೀಚರ್‌ಗೆ ಹೇಳೋದು, ಅಲ್ಲಿಗೆ ಅವರ ಕೆಲಸ ಮುಗೀತು. ಮನೆಯವರ ಜೊತೆ ಮಾತಾಡೋದು, ಬೇಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡೋದು ದೊಡ್ಡವರ ಜವಾಬ್ದಾರಿ.

ನೋಟ್‌ಬುಕ್ಕಿಗೆ ಇನ್ನೊಂದು ಉಪಯೋಗವೂ ಆಯಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯುತ್ತೆ. ಸಾಮಾನ್ಯವಾಗಿ ಅಲ್ಲಿ ಮಕ್ಕಳು ಕಲಿಸಿಕೊಟ್ಟದ್ದನ್ನು ಓದಿ ಕೂರ್ತಾರೆ. ನಮ್ಮ ಮಕ್ಕಳು ಲೆಕ್ಕ ಒಯ್ದರು. ತಾಂಡಾದ ಮಕ್ಕಳು ತಡವಾಗಿ ಬಂದ ದಿನ ಎಷ್ಟು, ಆ ದಿನ ಬಸ್ ಬಂದದ್ದು ಎಷ್ಟು ಹೊತ್ತಿಗೆ. ಎಲ್ಲ ಓಣಿಯವರೂ ಸೇರಿ ಬರೆದ ಲೆಕ್ಕ ಆದ್ದರಿಂದ, ಕೇಳುವಾಗ ಅದು ತಾಂಡಾದವರೊಬ್ಬರ ದೂರು ಅನಿಸಲಿಲ್ಲ, ಇಡೀ ಕ್ಲಾಸಿನ ಪ್ರಶ್ನೆ ಆಯಿತು.

ಇದನ್ನೆಲ್ಲ ಕಾಲೇಜು ಹುಡುಗರು ಹೋಗಿ ಕಲಿಸಿದರು ಅಂದುಕೊಳ್ಳಬೇಡಿ. ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ ಜಾಗೃತ ಮಹಿಳಾ ಸಂಘಟನೆ ಇದೆ. ದಲಿತ ಕೂಲಿಕಾರ ಹೆಣ್ಣುಮಕ್ಕಳ ಸಂಘಟನೆ ಅದು. ಶಾಲೆ ಬಿಟ್ಟು ದುಡಿಯೋ ಮಕ್ಕಳಿಗಾಗಿ ಅವರು 'ಚಿಲಿಪಿಲಿ' ಅನ್ನೋ ಶಾಲೆಯನ್ನೂ ಶುರು ಮಾಡಿದರು. ಶಾಲೆಯಲ್ಲಿ ಯಾವ ಮಗು ಇಲ್ಲ ಅಂತ ಆ ತಾಯಂದಿರು ನಮಗಿಂತ ಎಷ್ಟೋ ಮೊದಲು ಕೇಳಿದ್ದರು.

ಈಗ ನಾನು ಸಾಫ್ಟ್‌ವೇರ್ ಕೆಲಸದಲ್ಲಿದೀನಿ. ಡೈವರ್ಸಿಟಿ ಮೇಲೆ ವರ್ಷಕ್ಕೊಂದು ಟ್ರೇನಿಂಗ್, ಕೊನೆಗೆ ಹತ್ತು ಪ್ರಶ್ನೆಯ ಕ್ವಿಜ್. ನನಗೆ ಹೆಚ್ಚು ಉಪಯೋಗಕ್ಕೆ ಬರೋದು ಆ ನಾಲ್ಕು ಕಾಲಂಗಳೇ. ಮೀಟಿಂಗಲ್ಲಿ ಮೂರು ವಾರದಿಂದ ಯಾರು ಮಾತಾಡಿಲ್ಲ? ಲಂಚ್‌ಗೆ ಯಾರನ್ನು ಯಾರೂ ಕರೆದಿಲ್ಲ? ಹೊಸದಾಗಿ ಸೇರಿದ ಹುಡುಗಿ ಯಾಕೆ ಸುಮ್ಮನಿದ್ದಾಳೆ ಅಂತ ಕೇಳಿದರೆ ಇಡೀ ಟೀಮು "ಗೊತ್ತಿಲ್ಲ" ಅಂದರೆ, ನಮ್ಮಲ್ಲೂ ಓಣಿಗಳಿವೆ ಅಂತ ಅರ್ಥ.

ಇದನ್ನು ಓದ್ತಿರೋ ನಿಮ್ಮಲ್ಲಿ ಕೆಲವರಾದರೂ ಕಾಲೇಜಲ್ಲಿರಬಹುದು, ಅಥವಾ ಹಬ್ಬಕ್ಕೆ ಊರಿಗೆ ಹೋಗೋರಿರಬಹುದು. ಹೈಸ್ಕೂಲ್ ಮಕ್ಕಳ ಜೊತೆ ಕೆಲಸ ಮಾಡೋ ಮನಸ್ಸಿದ್ದರೆ ನಾಲ್ಕು ಮಾತು. ಹೆಡ್‌ಮಾಸ್ಟರ್ ಒಪ್ಪಿಗೆ ಪಡೆದು, ಟೀಚರ್ ಇರುವಾಗಲೇ ಮಕ್ಕಳನ್ನು ಭೇಟಿ ಮಾಡಿ. ಒಂದೇ ಶಾಲೆಗೆ ಇಡೀ ವರ್ಷ ಹೋಗಿ, ಹತ್ತು ಶಾಲೆಗೆ ಒಂದೊಂದು ದಿನ ಬೇಡ. ಲೀಡರ್‌ನ ಆರಿಸಬೇಡಿ, ಸರದಿ ಹಾಕಿ. ಮಕ್ಕಳ ಫೋಟೊ ಸ್ಟೇಟಸ್‌ಗೆ ಹಾಕಬೇಡಿ.

ಜೂನ್ ತಿಂಗಳಲ್ಲಿ ಎಲ್ಲರಿಗೂ ಉತ್ಸಾಹ ಇರುತ್ತೆ, ಕ್ಲಾಸೂ ತುಂಬಿರುತ್ತೆ. ನೀವು ನವೆಂಬರ್, ಡಿಸೆಂಬರ್ ಶನಿವಾರಗಳನ್ನು ಮಾತ್ರ ತಪ್ಪಿಸಬೇಡಿ. ಹತ್ತಿ ಬಿಡಿಸೋ ಕಾಲ ಅದು. ಬೆಂಚುಗಳು ಖಾಲಿಯಾಗೋದು ಆಗಲೇ.