ಸಾಧನಗಳೂ ಚರಿತ್ರೆಯ ಸಾಕ್ಷಿಗಳೇ

ಸುಮಾರು 1190ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನೂ ಸೇವುಣರ ಭಿಲ್ಲಮನೂ ಸೆಣಸಿದ, ಗದಗ ಸೀಮೆಯ ಸೊರಟೂರ ನೆಲದವರಾದ ನಮಗೆ ಯುದ್ಧವೆಂದರೆ ಖಡ್ಗದ ಚರಿತ್ರೆಯೆಂದೇ ತೋರುವುದು ಸಹಜ. ಆದರೆ ದೂರವನ್ನು ಸಮೀಪಕ್ಕೆ ತಂದ ಮಸೂರವೂ ಕಡಲಿನಲ್ಲಿ ಕಾಲವನ್ನು ಕಾಯ್ದ ಗಡಿಯಾರವೂ ರಾಜ್ಯಗಳ ಗತಿಯನ್ನು ಅಷ್ಟೇ ಪ್ರಬಲವಾಗಿ ನಿರ್ಣಯಿಸಿದುವು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಮಹಾಮೋಜಣಿಗೆ ಕೋನಗಳನ್ನು ಅಳೆಯುವ, ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟನ್ನು ತರಿಸಿದನು. 1808ರಲ್ಲಿ ತಂಜಾವೂರಿನ ದೇವಾಲಯದ ಮೇಲೇರಿಸುವಾಗ ಜಖಂಗೊಂಡ ಅದನ್ನು ದುರಸ್ತಿಗೊಳಿಸಿ ಮತ್ತೆ ಬಳಸಿದನು. ಜಾನ್ ಹ್ಯಾರಿಸನ್ 1759ರಲ್ಲಿ ಪೂರ್ಣಗೊಳಿಸಿದ ನೌಕಾಗಡಿಯಾರವಾದರೋ, ನಾಲ್ಕು ನಿಮಿಷಗಳ ಅಂತರಕ್ಕೆ ಒಂದು ಡಿಗ್ರಿ ರೇಖಾಂಶವೆಂಬ ಗಣಿತವನ್ನು ನಾವಿಕನ ಕೈಗೆಟುಕಿಸಿತು.

ಇಂತಹ ಸಾಧನಗಳ ಸಂಗ್ರಹವು ಧನಿಕರ ವಿಲಾಸವಲ್ಲ, ವಿದ್ಯೆಯ ಸೇವೆ. ಆದಕಾರಣ ಹಿತ್ತಾಳೆಯನ್ನು ಥಳಥಳಿಸುವಂತೆ ಉಜ್ಜಿ, ಸೇನೆಯ ಮುದ್ರೆಯನ್ನೂ ಬಳಕೆಯ ಸವೆತವನ್ನೂ ಅಳಿಸುವ ಸಂಗ್ರಾಹಕನು ಚರಿತ್ರೆಯನ್ನೇ ಅಳಿಸುತ್ತಾನೆ. ಗದಗ ಸೀಮೆಯ ಮಾಜಿ ಸೈನಿಕರ ಮನೆಗಳಲ್ಲಿ ಹಳೆಯ ದುರ್ಬೀನೋ ದಿಕ್ಸೂಚಿಯೋ ಉಳಿದಿದ್ದರೆ, ಅದನ್ನು ಗುಜರಿಗೆ ಕೊಡದೆ, ಯಾರು ಎಲ್ಲಿ ಬಳಸಿದರೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಬೇಕೆಂದು ಓದುಗರಲ್ಲಿ ನನ್ನ ವಿನಂತಿ.